ಸತ್ಯಾಂಶ: ಎಣ್ಣೆ ಸುರಿದಷ್ಟೂ ಚೈನ್ ಬಾಳಿಕೆ ಬರುತ್ತಾ?

ಮೈಸೂರಿನ ಸೈಕಲ್ ಗೆಳೆಯರ ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್ ಓಡಾಡುತ್ತಿದೆ: "ಪ್ರತಿ ಟ್ರೇಲ್ ರೈಡ್ ಆದಮೇಲೆ ಎಂಟಿಬಿ (ಮೌಂಟನ್ ಬೈಕ್, ಅಂದರೆ ಗುಡ್ಡಗಾಡಿನ ಸೈಕಲ್) ಚೈನ್‌ಗೆ ಹಳೇ ಎಂಜಿನ್ ಆಯಿಲ್ ಚೆನ್ನಾಗಿ ಸುರಿಯಿರಿ, ಚೈನ್ ಬದಲಿಸುವುದೇ ಬೇಡ." ಇದು ತಪ್ಪು.

ಎಣ್ಣೆ ಬೇಕಿರುವುದು ಚೈನ್ ಒಳಗೆ, ಪಿನ್ನು ರೋಲರ್ ಉಜ್ಜಾಡುವ ಕಡೆ. ಹೊರಗೆ ಉಳಿದದ್ದು ಸುಮ್ನೆ ಧೂಳು ಹಿಡಿಯುತ್ತದೆ. ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಒಂದು ಗಂಟೆ ಓಡಿಸಿ ಬಂದು ಚೈನ್ ಮೇಲೆ ಬೆರಳಾಡಿಸಿ ನೋಡಿ, ಕಪ್ಪು ಜಿಡ್ಡಿನ ನಡುವೆ ಮಣ್ಣು ಕರಕರ ಅನ್ನುತ್ತದೆ, ಅದೇ ಅರದ ಹಾಗೆ ಲೋಹವನ್ನು ತಿನ್ನುವುದು. ಹಳೇ ಎಂಜಿನ್ ಆಯಿಲ್‌ನಲ್ಲಂತೂ ಮಸಿ, ಲೋಹದ ಪುಡಿ ಮೊದಲೇ ಇರುತ್ತವೆ. ಎಣ್ಣೆ ಚಕ್ರದ ಬ್ರೇಕ್ ಡಿಸ್ಕ್ ಮೇಲೆ ಸಿಡಿದರೆ ಬ್ರೇಕೂ ಸರಿಯಾಗಿ ಹಿಡಿಯಲ್ಲ. ಇಳಿಜಾರಲ್ಲಿ ಇದು ನಿಜಕ್ಕೂ ಅಪಾಯ.

ಹಳೇ ಬನಿಯನ್ ಬಟ್ಟೆಯಲ್ಲಿ ಚೈನ್ ಒರೆಸಿ. ಪ್ರತಿ ರೋಲರ್‌ಗೆ ಒಂದೊಂದೇ ಹನಿ ಚೈನ್ ಲ್ಯೂಬ್ (ಸೈಕಲ್ ಚೈನ್‌ಗೆಂದೇ ಇರುವ ಎಣ್ಣೆ) ಬಿಡಿ, ಪೆಡಲ್ ಹಿಂದಕ್ಕೆ ತಿರುಗಿಸಿ, ಸ್ವಲ್ಪ ಬಿಟ್ಟು ಹೊರಗಿನದನ್ನು ಪೂರ್ತಿ ಒರೆಸಿಬಿಡಿ.

ಎಷ್ಟೇ ನೋಡಿಕೊಂಡರೂ ಚೈನ್ ಸವೆಯುತ್ತದೆ. ಹೊಸದರಲ್ಲಿ 24 ಲಿಂಕ್ ಅಂದರೆ 12 ಇಂಚು, 304.8 ಮಿ.ಮೀ. ಅದು 1.5 ಮಿ.ಮೀ. ಜಾಸ್ತಿ ಆಗಿದ್ದರೆ, 11 ಅಥವಾ 12 ಸ್ಪೀಡ್ (ಹಿಂದೆ ಅಷ್ಟು ಗೇರ್ ಇರುವ) ಸೈಕಲ್‌ನಲ್ಲಿ ಚೈನ್ ಬದಲಿಸಿ. ತಡ ಮಾಡಿದರೆ ಕ್ಯಾಸೆಟ್ (ಹಿಂದಿನ ಚಕ್ರದ ಗೇರ್ ಹಲ್ಲುಚಕ್ರಗಳ ಗುಂಪು) ಹಲ್ಲೂ ಸವೆದು, ಆಮೇಲೆ ಹಾಕಿದ ಹೊಸ ಚೈನ್ ಅದರ ಮೇಲೆ ಜಾರುತ್ತದೆ.