ಇದು ಮೌನವೋ, ನೆಟ್‌ವರ್ಕೋ?

ಸಮಾಜಕಾರ್ಯ ಪದವಿಯ ಬುನಾದಿ ಕೌಶಲಗಳ ಪತ್ರಿಕೆಗೆಂದು ನಾನು ಸಲ್ಲಿಸಬೇಕಾಗಿರುವ ಸಂದರ್ಶನದ ವಿಡಿಯೋ ನಿನ್ನೆ ರಾತ್ರಿ ಮತ್ತೆ ಕೆಟ್ಟುಹೋಯಿತು. ಕೆಡಿಸಿದವರು ನನ್ನ ಶತ್ರುಗಳೇನಲ್ಲ. ನನಗೆ ಒಳ್ಳೆಯ ಅಂಕ ಬರಲೇಬೇಕೆಂದು ನನಗಿಂತ ಹೆಚ್ಚಾಗಿ ಹಂಬಲಿಸುತ್ತಿರುವ, ಸಜ್ಜನಿಕೆಯಲ್ಲಿ ಒಂದು ಗುಲಗಂಜಿಯಷ್ಟೂ ಕಡಿಮೆಯಿಲ್ಲದ ನನ್ನ ಸಹಪಾಠಿಯವರೇ ಅದನ್ನು ಕೆಡಿಸಿದರು. ಶತ್ರುವಾಗಿದ್ದರೆ ಒಂದು ಮಾತು ಅಂದು ಹಗುರಾಗಬಹುದಿತ್ತು. ಉಪಕಾರಿಯ ಮೇಲೆ ಬಂದ ಸಿಟ್ಟನ್ನು ಎಲ್ಲಿ ಇಳಿಸುವುದೆಂದು ನಮ್ಮ ಪಠ್ಯದ ಯಾವ ಘಟಕದಲ್ಲಿಯೂ ಹೇಳಿಲ್ಲ.

ದೂರಶಿಕ್ಷಣದಲ್ಲಿ ಓದಿದವರಿಗೆ ಆ ಘಟಕಗಳ ಶೈಲಿಯನ್ನು ವಿವರಿಸಬೇಕಾಗಿಲ್ಲ. ಪ್ರತಿಯೊಂದು ಘಟಕವೂ ‘ಈ ಘಟಕವನ್ನು ಓದಿ ಮುಗಿಸಿದ ನಂತರ ನೀವು ಈ ಕೆಳಗಿನವುಗಳನ್ನು ಮಾಡಲು ಶಕ್ತರಾಗುವಿರಿ’ ಎಂಬ ಆಶೀರ್ವಾದದೊಂದಿಗೆ ಆರಂಭವಾಗುತ್ತದೆ. ನಡುನಡುವೆ ‘ನಿಮ್ಮ ಪ್ರಗತಿಯನ್ನು ಪರೀಕ್ಷಿಸಿಕೊಳ್ಳಿ’ ಎಂದು ಒಂದು ಚೌಕಟ್ಟು ಬರುತ್ತದೆ, ಅದರೊಳಗೆ ಉತ್ತರಕ್ಕೆಂದು ನಾಲ್ಕು ಚುಕ್ಕಿಗೆರೆಗಳಿರುತ್ತವೆ, ಮತ್ತು ಆ ಉತ್ತರ ಕೊನೆಯ ಪುಟದಲ್ಲಿಯೇ ಇದೆಯೆಂಬುದು ಓದುಗನಿಗೂ ಗೊತ್ತಿರುತ್ತದೆ, ಬರೆದವರಿಗೂ ಗೊತ್ತಿರುತ್ತದೆ. ಕರಾರಿನ ಕಾಯಿದೆಯನ್ನೋ ಲೆಕ್ಕಪತ್ರವನ್ನೋ ಹೀಗೆ ಕಲಿಯುವುದು ಸಾಧ್ಯವಿರಬಹುದು. ಆದರೆ ‘ಸಕ್ರಿಯ ಆಲಿಸುವಿಕೆ’ ಎಂಬ ಘಟಕವನ್ನು ರಾತ್ರಿ ಹತ್ತರ ಮೇಲೆ ಆಕಳಿಸುತ್ತ ಓದಿ ಮುಗಿಸಿ, ಪುಸ್ತಕ ಮುಚ್ಚಿದ ಗಳಿಗೆಯಿಂದ ನಾನು ಸಕ್ರಿಯವಾಗಿ ಆಲಿಸಲು ಶಕ್ತಳಾಗಿದ್ದೇನೆ ಎಂದು ನಂಬುವುದಕ್ಕೆ ಬೇರೆಯೇ ಬಗೆಯ ಶ್ರದ್ಧೆ ಬೇಕು. ಆ ಘಟಕ ಓದುತ್ತಿದ್ದಾಗ ಮನೆಯವರು ಬಾಗಿಲ ಬಳಿ ನಿಂತು ಏನೋ ಕೇಳಿದ್ದರಂತೆ. ನನಗೆ ಕೇಳಿಸಿರಲಿಲ್ಲ.

ಈ ವಿದ್ಯೆ ಹುಟ್ಟಿದ್ದು ಜನರ ನಡುವೆ ಎಂಬುದನ್ನು ನಮ್ಮ ಮೊದಲನೆಯ ಘಟಕವೇ ಒತ್ತಿ ಹೇಳುತ್ತದೆ. ಜೇನ್ ಆಡಮ್ಸ್ ತಮ್ಮ ಗೆಳತಿಯೊಡನೆ 1889ರಲ್ಲಿ ಷಿಕಾಗೋ ನಗರದ ವಲಸಿಗರ ಬಡ ಬಡಾವಣೆಯಲ್ಲಿ ಹಲ್ ಹೌಸ್ ಎಂಬ ಸೇವಾಕೇಂದ್ರ ಆರಂಭಿಸಿದಾಗ, ಬಡವರಿಗೆ ನೆರವಾಗಬೇಕಾದರೆ ಅವರ ನೆರೆಯಲ್ಲಿಯೇ ವಾಸಿಸಬೇಕೆಂದು ಅಲ್ಲಿಯೇ ನೆಲೆನಿಂತರು. 1931ರಲ್ಲಿ ಅವರಿಗೆ ನೊಬೆಲ್ ಶಾಂತಿ ಪುರಸ್ಕಾರದ ಪಾಲು ದೊರೆಯಿತು. ಮೇರಿ ರಿಚ್ಮಂಡ್ ಅವರು ಮನೆಮನೆಗೆ ಹೋಗಿ ಸಂಸಾರಗಳ ಕಷ್ಟಸುಖ ವಿಚಾರಿಸುತ್ತಿದ್ದವರ ಅನುಭವವನ್ನು ಆಧರಿಸಿ 1917ರಲ್ಲಿ ಕೇಸ್‌ವರ್ಕಿಗೆ, ಅಂದರೆ ಒಬ್ಬೊಬ್ಬ ವ್ಯಕ್ತಿಗೆ, ಒಂದೊಂದು ಸಂಸಾರಕ್ಕೆ ಪ್ರತ್ಯೇಕವಾಗಿ ನೆರವಾಗುವ ಕೆಲಸಕ್ಕೆ, ಒಂದು ಶಾಸ್ತ್ರೀಯ ರೂಪ ಕೊಟ್ಟರು. ಅವರ ವಂಶದ ಕುಡಿಯಾದ ನಾನು ಮಾಡುತ್ತಿರುವುದೇನೆಂದರೆ, ಇರುವ ನಾಲ್ಕು ಜನರನ್ನೂ ಕೋಣೆಯಿಂದ ಆಚೆ ಕಳುಹಿಸಿ, ಅಗಳಿ ಹಾಕಿ, ಸದ್ದು ಮಾಡಬೇಡಿರೆಂದು ಗದರಿಸಿ, ಜನರೊಡನೆ ಬೆರೆಯುವುದು ಹೇಗೆಂದು ಒಬ್ಬಳೇ ಕುಳಿತು ಅಭ್ಯಾಸ ಮಾಡುವುದು.

ಕುಳಿತುಕೊಳ್ಳುವುದಕ್ಕೂ ವಿಧಿಯಿದೆ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೆರಾರ್ಡ್ ಈಗನ್ ಅವರು ಹೇಳಿಕೊಟ್ಟ, ನಾವೆಲ್ಲ ‘ಸೋಲರ್’ ಎಂದು ಬಾಯಿಪಾಠ ಮಾಡಿರುವ ಸೂತ್ರದ ಪ್ರಕಾರ ಎದುರಿನ ವ್ಯಕ್ತಿಗೆ ನೇರವಾಗಿ ಮುಖಮಾಡಿ ಕುಳಿತಿರಬೇಕು, ಕೈಕಟ್ಟದೆ ಮುಕ್ತವಾಗಿರಬೇಕು, ತುಸು ಮುಂದಕ್ಕೆ ಬಾಗಬೇಕು, ಕಣ್ಣಿನಲ್ಲಿ ಕಣ್ಣಿಡಬೇಕು, ಇಷ್ಟೆಲ್ಲ ಮಾಡಿಯೂ ಆರಾಮವಾಗಿರಬೇಕು. ಎರಡು ಕುರ್ಚಿಗಳನ್ನು ಎದುರುಬದುರು ಹಾಕಿಕೊಂಡವರಿಗೆ ಇದು ಸಲೀಸು. ಲ್ಯಾಪ್‌ಟಾಪಿನ ಮುಂದೆ ತುಸು ಬಾಗಿದರೆ ನನ್ನ ಹಣೆ ಮಾತ್ರ ಪರದೆಯ ತುಂಬ ಕಾಣುತ್ತದೆ. ಕಣ್ಣಿನ ಕಥೆ ಇನ್ನೂ ದೊಡ್ಡದು. ಎದುರಿನವರ ಕಣ್ಣನ್ನು ನಾನು ನೋಡಬೇಕಾದರೆ ಪರದೆಯನ್ನು ನೋಡಬೇಕು. ಆಗ ಅವರಿಗೆ ನಾನು ತಲೆ ತಗ್ಗಿಸಿ ಅವರ ಕೊರಳಪಟ್ಟಿಯನ್ನು ಪರೀಕ್ಷಿಸುತ್ತಿರುವಂತೆ ಕಾಣುತ್ತದೆ. ನಾನು ಅವರ ಕಣ್ಣನ್ನೇ ನೋಡುತ್ತಿರುವಂತೆ ಅವರಿಗೆ ಕಾಣಬೇಕಾದರೆ ಪರದೆಯ ಮೇಲಂಚಿನಲ್ಲಿರುವ ಕ್ಯಾಮೆರಾದ ಚುಕ್ಕಿಯನ್ನು ದಿಟ್ಟಿಸಬೇಕು; ಆಗ ಅವರು ಅತ್ತರೂ ನಕ್ಕರೂ ನನಗೆ ತಿಳಿಯುವುದಿಲ್ಲ. ನೋಡುವುದು ಅಥವಾ ನೋಡಿದಂತೆ ಕಾಣುವುದು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅಂಕಗಳಿರುವುದು ಎರಡನೆಯದಕ್ಕೆ ಎಂದು ಹಳೆಯ ಬ್ಯಾಚಿನವರು ತಿಳಿಸಿದ್ದಾರೆ.

ಈಗ ಸಹಪಾಠಿಯವರ ವಿಷಯಕ್ಕೆ ಬರುತ್ತೇನೆ. ಕ್ಷೇತ್ರಕಾರ್ಯಕ್ಕೆ ಕಳುಹಿಸುವ ಮುನ್ನ ನಮ್ಮನ್ನು ಜೋಡಿಗಳಾಗಿ ವಿಂಗಡಿಸಿ, ಒಬ್ಬರು ಸಮಾಜಕಾರ್ಯಕರ್ತರಾಗಿಯೂ ಇನ್ನೊಬ್ಬರು ನೆರವು ಕೇಳಿ ಬಂದ ಸೇವಾರ್ಥಿಯಾಗಿಯೂ ಅಭಿನಯಿಸಿ, ಹದಿನೈದು ನಿಮಿಷಗಳ ಸಂಭಾಷಣೆಯನ್ನು ಎಲ್ಲಿಯೂ ಕತ್ತರಿಸದೆ ರೆಕಾರ್ಡ್ ಮಾಡಿ ಕಳುಹಿಸಬೇಕೆಂದು ವಿಧಿಸಿದ್ದಾರೆ. ಎಲ್ಲಿಯೂ ಕತ್ತರಿಸಬಾರದು ಎಂಬುದೇ ನನ್ನ ಪ್ರಾಣಕ್ಕೆ ಬಂದಿದೆ. ನಮ್ಮ ಜೋಡಿಯ ಪಾಲಿಗೆ ಬಂದಿರುವ ಕಥೆ ಕೆಲಸ ಕಳೆದುಕೊಂಡು, ಅದನ್ನು ಮನೆಯಲ್ಲಿ ಹೇಳಲಾರದೆ, ದಿನವೂ ಎಂದಿನಂತೆ ಚೀಲ ಹೆಗಲಿಗೇರಿಸಿ ಹೊರಬೀಳುವ ಒಬ್ಬ ಗೃಹಸ್ಥನದು. ಆತ ಮೊದಲು ಅದೂ ಇದೂ ಮಾತಾಡಬೇಕು, ನಾನು ಮುಕ್ತ ಪ್ರಶ್ನೆಗಳನ್ನು ಕೇಳುತ್ತ, ಆತನ ಮಾತನ್ನು ಆತನಿಗೇ ಮರಳಿ ಹೇಳುತ್ತ, ಮೆಲ್ಲಮೆಲ್ಲನೆ ಒಳಗಿನದನ್ನು ಹೊರತರಬೇಕು. ಪರೀಕ್ಷೆ ಇರುವುದೇ ಆ ಮೆಲ್ಲಮೆಲ್ಲನೆಯಲ್ಲಿ.

ನಮ್ಮ ಮಹನೀಯರು ಮೊದಲ ಸಲ ಕ್ಯಾಮೆರಾ ಆನ್ ಆದ ಕೂಡಲೇ ನಮಸ್ಕಾರ ಮಾಡಿ, ಒಂದೇ ಉಸಿರಿಗೆ, “ನನ್ನ ಕೆಲಸ ಹೋಗಿದೆ, ಮನೆಯಲ್ಲಿ ತಿಳಿಸಿಲ್ಲ, ರಾತ್ರಿ ನಿದ್ದೆ ಬರುವುದಿಲ್ಲ, ಇದಕ್ಕೆಲ್ಲ ಮೂಲ ಕಾರಣ ಬಾಲ್ಯದಲ್ಲಿ ನಮ್ಮ ತಂದೆಯವರು ತೋರಿಸಿದ ಅತಿಯಾದ ಶಿಸ್ತು” ಎಂದು ಒಪ್ಪಿಸಿ, “ಈಗ ನೀವು ಕೇಳಬಹುದು ಮೇಡಂ” ಎಂದರು. ಇನ್ನು ಕೇಳುವುದಕ್ಕೆ ಅವರ ಪಿನ್‌ಕೋಡ್ ಒಂದೇ ಬಾಕಿಯಿತ್ತು. ಸ್ವಲ್ಪ ಬಿಗಿಯಾಗಿರಿ, ಹೇಳಲು ಹಿಂಜರಿಯಿರಿ ಎಂದು ನಾನು ವಿನಂತಿಸಿದೆ. ಮುಂದಿನ ಸಲ ಅವರು ಎಷ್ಟು ಬಿಗಿಯಾದರೆಂದರೆ ‘ಹೇಗಿದ್ದೀರಿ’ ಎಂದದ್ದಕ್ಕೆ “ಅದನ್ನು ಹೇಳಲು ನನಗೆ ಹಿಂಜರಿಕೆಯಾಗುತ್ತಿದೆ” ಎಂದು ಬಿಟ್ಟರು.

ಇದಕ್ಕಿಂತ ದೊಡ್ಡ ತೊಂದರೆ ಮೌಲ್ಯಮಾಪನದ ಪಟ್ಟಿ. ಯಾವ ಕೌಶಲಕ್ಕೆ ಎಷ್ಟು ಅಂಕ ಎಂಬ ಆ ಪಟ್ಟಿಯನ್ನು ಕಾರ್ಯಕರ್ತಳಾದ ನಾನು ನೋಡಿಟ್ಟುಕೊಂಡಿರುವುದು ಸಹಜ. ಆದರೆ ಸೇವಾರ್ಥಿಯೇ ಅದನ್ನು ಮುದ್ರಿಸಿಕೊಂಡು, ಎದುರಿನ ಗೋಡೆಗೆ ಅಂಟಿಸಿಕೊಂಡು, ಪೆನ್ಸಿಲ್ ಹಿಡಿದು ಕುಳಿತಿರುತ್ತಾನೆಂದು ಯಾವ ಶಾಸ್ತ್ರಕಾರನೂ ಊಹಿಸಿರಲಾರ. ಮಾತಿನ ನಡುವೆ ಅವರ ದೃಷ್ಟಿ ಆಗಾಗ ಪಕ್ಕಕ್ಕೆ ಸರಿಯುವುದನ್ನು ಕಂಡು, ಇದು ಪಾತ್ರದ ಅಪರಾಧಪ್ರಜ್ಞೆಯ ಸೂಚನೆ ಎಂದು ನಾನು ಟಿಪ್ಪಣಿ ಕೂಡ ಮಾಡಿಕೊಂಡಿದ್ದೆ. ಪೆನ್ಸಿಲ್ ಗೀಚುವ ಸದ್ದು ಕೇಳಿದಾಗಲೇ ತಿಳಿದದ್ದು, ಅವರು ನನ್ನ ಕೌಶಲಗಳಿಗೆ ಒಂದೊಂದಾಗಿ ಗುರುತು ಹಾಕಿಕೊಳ್ಳುತ್ತಿದ್ದಾರೆ ಎಂದು. ಯಾವುದಾದರೊಂದು ಉಳಿದುಹೋಗಿದೆಯೆಂದು ಕಂಡರೆ ಅವರಿಗೆ ಸಂಕಟವಾಗುತ್ತದೆ. “ನನಗೆ ಬಹಳ ದುಃಖವಾಗುತ್ತಿದೆ” ಎಂದು ಹೇಳಿ, ಅರೆಕ್ಷಣ ಕಾದು, ನನ್ನಿಂದ ತಕ್ಷಣ ಏನೂ ಬಾರದಿದ್ದರೆ ದನಿ ತಗ್ಗಿಸಿ “ಪರಾನುಭೂತಿ ಬಾಕಿ ಇದೆ ಮೇಡಂ” ಎಂದು ನೆನಪಿಸುತ್ತಾರೆ. ದನಿ ತಗ್ಗಿಸಿದರೆ ಮೈಕಿಗೆ ಕೇಳಿಸುವುದಿಲ್ಲವೆಂಬುದು ಅವರ ದೃಢವಾದ ನಂಬಿಕೆ.

ಆ ಪಟ್ಟಿಯಲ್ಲಿ ‘ಮೌನದ ಬಳಕೆ’ ಎಂಬುದೂ ಒಂದು. ಸೇವಾರ್ಥಿ ಭಾರವಾದ ಮಾತೊಂದನ್ನು ಆಡಿದಾಗ ಕಾರ್ಯಕರ್ತರು ಅದರ ಮೇಲೆ ತಕ್ಷಣ ಬೀಳದೆ, ಆತನಿಗೆ ಯೋಚಿಸಲು ಅವಕಾಶ ಕೊಟ್ಟು, ಸುಮ್ಮನಿದ್ದು ಜೊತೆಗಿರಬೇಕು. ಎಲ್ಲ ಕೌಶಲಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ, ಏಕೆಂದರೆ ಇದರಲ್ಲಿ ತಪ್ಪು ಮಾತಾಡುವ ಅಪಾಯವಿಲ್ಲ. ನಿನ್ನೆ ರಾತ್ರಿ ಎಲ್ಲವೂ ಕೂಡಿಬಂದಿತ್ತು. ಅವರು ಪಾತ್ರದಲ್ಲಿ ಚೆನ್ನಾಗಿ ಇಳಿದಿದ್ದರು. “ಸಂಜೆ ಮನೆಗೆ ಹೋದಾಗ ಮಗಳು ಚೀಲ ಇಸಿದುಕೊಳ್ಳುತ್ತಾಳೆ, ಅದು ಹಗುರವಾಗಿದೆಯೆಂದು ಅವಳಿಗೆ ಗೊತ್ತಾದರೆ ಏನು ಹೇಳಲಿ” ಎಂದರು. ಕಥೆಯಲ್ಲಿ ಇಲ್ಲದ ಮಾತು ಅದು, ಅವರಾಗಿಯೇ ಹುಟ್ಟಿಸಿಕೊಂಡದ್ದು. ನನಗೆ ನಿಜವಾಗಿಯೂ ಗಂಟಲು ಕಟ್ಟಿತು. ಕ್ಯಾಮೆರಾದ ಚುಕ್ಕಿಯನ್ನು ದಿಟ್ಟಿಸಿ, ತುಸು ಬಾಗಿ, ಅಲುಗಾಡದೆ, ಕರುಣೆಯೇ ಮೂರ್ತಿವೆತ್ತಂತೆ ಕುಳಿತೆ.

ಅವರು ಸ್ವಲ್ಪ ಹೊತ್ತು ನೋಡಿದರು. ಪರದೆಗೆ ಹತ್ತಿರ ಬಂದರು. ನನ್ನ ಮುಖದ ಮುಂದೆ ಕೈ ಆಡಿಸಿದರು. ಮೌನದ ಅಂಕ ಕೈತಪ್ಪಬಾರದೆಂದು ನಾನು ರೆಪ್ಪೆಯನ್ನೂ ಮಿಟುಕಿಸಲಿಲ್ಲ, ಅದೇ ಅವರ ಸಂಶಯವನ್ನು ಗಟ್ಟಿಮಾಡಿತು. ಕೊನೆಗೆ ಅವರು ತಮ್ಮ ದುಃಖ, ನಿರುದ್ಯೋಗ, ಮಗಳು ಎಲ್ಲವನ್ನೂ ಒಂದು ಕಡೆಗಿಟ್ಟು, “ಮೇಡಂ, ಇದು ಮೌನವೋ, ನೆಟ್‌ವರ್ಕೋ?” ಎಂದು ಕೇಳಿದರು.

ಉತ್ತರ ಕೊಟ್ಟರೆ ಮೌನ ಹೋಗುತ್ತದೆ, ಕೊಡದಿದ್ದರೆ ಅವರು ಹೋಗುತ್ತಾರೆ. ನಾನು ತಲೆಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದೆ. ಅದನ್ನು ಅವರು ನೆಟ್‌ವರ್ಕ್ ಎಂಬುದಕ್ಕೆ ಹೌದೆಂದು ಅರ್ಥಮಾಡಿಕೊಂಡು, “ಸರಿ, ಒಮ್ಮೆ ಹೊರಗೆ ಹೋಗಿ ಬರುತ್ತೇನೆ” ಎಂದು ಕರೆಯನ್ನು ಕಡಿದರು. ಕೆಲಸ ಕಳೆದುಕೊಂಡ, ನಿದ್ದೆಯಿಲ್ಲದ, ಮನೆಯಲ್ಲಿ ಬಾಯಿ ಬಿಡಲಾರದ ಒಬ್ಬ ಸೇವಾರ್ಥಿ ಸಂದರ್ಶನದ ತುತ್ತತುದಿಯಲ್ಲಿ ಎದ್ದು ಹೋದದ್ದು ಹೀಗೆ. ಅವರು ಮರಳಿ ಬರುವವರೆಗೆ ನಾನು ಖಾಲಿ ಪರದೆಯ ಮುಂದೆ ಅದೇ ಭಂಗಿಯಲ್ಲಿ ಕುಳಿತಿದ್ದೆನೆಂಬುದಕ್ಕೆ ರೆಕಾರ್ಡಿಂಗಿನಲ್ಲಿ ಸಾಕ್ಷ್ಯವಿದೆ.

ಅಷ್ಟಕ್ಕೆ ಮುಗಿಯುವುದಿಲ್ಲ. ನಡೆದದ್ದನ್ನೆಲ್ಲ ಪ್ರೊಸೆಸ್ ರೆಕಾರ್ಡಿಂಗ್ ಎಂಬ ಹೆಸರಿನಲ್ಲಿ ಬರೆಯಬೇಕು. ಒಂದು ಕಾಲಮ್ಮಿನಲ್ಲಿ ಆಡಿದ ಮಾತು ಇದ್ದದ್ದು ಇದ್ದಂತೆ, ಪಕ್ಕದಲ್ಲಿ ಆಗ ನನಗೆ ಅನಿಸಿದ್ದು, ಅದರ ಪಕ್ಕದಲ್ಲಿ ವಿಶ್ಲೇಷಣೆ, ಕೊನೆಯಲ್ಲಿ ಮಾರ್ಗದರ್ಶಕರ ಷರಾ. ‘ಇದು ಮೌನವೋ, ನೆಟ್‌ವರ್ಕೋ’ ಎಂಬುದರ ಎದುರಿಗೆ ಅನಿಸಿದ್ದನ್ನು ಅನಿಸಿದ ಹಾಗೆಯೇ ಬರೆದರೆ ಆ ಕಾಗದವನ್ನು ಮಾರ್ಗದರ್ಶಕರಿಗೆ ಕಳುಹಿಸುವಂತಿಲ್ಲ. ಆಮೇಲೆ, ಆದ ಅನುಭವವನ್ನು ಮರಳಿ ಅವಲೋಕಿಸಲೆಂದು ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತಗಳ ಚಕ್ರದಲ್ಲಿ ವಿವರಣೆ, ಭಾವನೆ, ಮೌಲ್ಯಮಾಪನ, ವಿಶ್ಲೇಷಣೆ, ನಿರ್ಣಯ, ಕ್ರಿಯಾಯೋಜನೆ ಎಂದು ಒಂದು ಸುತ್ತು ಸುತ್ತಬೇಕು. ಎಲ್ಲಿಂದ ಹೊರಟರೂ ನನ್ನ ಕ್ರಿಯಾಯೋಜನೆ ‘ಜೋಡಿಯನ್ನು ಬದಲಾಯಿಸಿಕೊಳ್ಳುವುದು’ ಎಂಬಲ್ಲಿಗೇ ಬಂದು ನಿಲ್ಲುತ್ತದೆ.

ತತ್ವಗಳಿಗೇನೂ ಕೊರತೆಯಿಲ್ಲ. 1957 ಎಂಬ ವರ್ಷವಂತೂ ಪರೀಕ್ಷೆ ಬರೆಯುವವರ ಮೇಲೆ ದಯೆಯಿಟ್ಟೇ ಬಂದಂತಿದೆ: ಸೇವಾರ್ಥಿಯೊಡನೆ ಕಾರ್ಯಕರ್ತರ ಸಂಬಂಧ ಹೇಗಿರಬೇಕೆಂಬ ಫೆಲಿಕ್ಸ್ ಬೀಸ್ಟೆಕ್ ಅವರ ಏಳು ತತ್ವಗಳು, ಹೆಲೆನ್ ಹ್ಯಾರಿಸ್ ಪರ್ಲ್‌ಮನ್ ಹೇಳಿದ ಕೇಸ್‌ವರ್ಕಿನ ವ್ಯಕ್ತಿ, ಸಮಸ್ಯೆ, ಸ್ಥಳ, ಪ್ರಕ್ರಿಯೆ ಎಂಬ ನಾಲ್ಕು ಅಂಗಗಳು, ಬೇಷರತ್ತಾದ ಆದರದ ಬಗ್ಗೆ ಕಾರ್ಲ್ ರೋಜರ್ಸ್ ಬರೆದ ಹೆಸರಾಂತ ಲೇಖನ, ಎಲ್ಲವೂ ಅದೇ ವರ್ಷದವು. ಒಂದು ಇಸವಿ ನೆನಪಿಟ್ಟರೆ ಮೂರು ಉತ್ತರಗಳಿಗಾಗುತ್ತದೆ. ಬೀಸ್ಟೆಕ್ ಅವರ ಏಳರಲ್ಲಿ ಗೋಪ್ಯತೆಯೂ ಒಂದು, ಮತ್ತು ಅದು ನಮ್ಮ ಮನೆಯ ಬಾಗಿಲಿನ ಸಂದಿಯಿಂದ ಆಗಲೇ ಹೊರಗೆ ಹೋಗಿದೆ. ನಾನು ರೆಕಾರ್ಡಿಂಗ್ ಮುಗಿಸಿ ಹೊರಬಂದರೆ ಸಾಕು, “ಪಾಪ, ಅವರಿಗೆ ಬೇರೆ ಕೆಲಸ ಸಿಕ್ಕಿತೇ” ಎಂದು ವಿಚಾರಿಸುವವರಿದ್ದಾರೆ. ಅದು ನಟನೆ ಎಂದು ತಿಳಿಸಿದ ಮೇಲೆಯೂ ವಿಚಾರಿಸುತ್ತಾರೆ.

ಆದರೂ ಒಂದು ಮಾತು ಹೇಳಲೇಬೇಕು. ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ ನಾವಿಬ್ಬರೂ ಕೆಲವೊಮ್ಮೆ ಸ್ವಲ್ಪ ಹೊತ್ತು ಮಾತಾಡುತ್ತೇವೆ. ಅವರದು ರಾತ್ರಿಪಾಳಿಯ ಕೆಲಸ. ಪಾಳಿಗೆ ಹೊರಡುವ ಮುನ್ನ ಸಿಗುವ ಹೊತ್ತಿನಲ್ಲಿಯೇ ಅವರ ಓದು, ಬರಹ, ನನ್ನ ಅಂಕಗಳ ಚಿಂತೆ ಎಲ್ಲವೂ ಆಗಬೇಕು. ಮೊನ್ನೆ ನಾನು, ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದು ಸುಮ್ಮನೆ ಅಂದುಬಿಟ್ಟೆ. ಅವರು ಗೋಡೆಯ ಕಡೆ ನೋಡಲಿಲ್ಲ, ಪೆನ್ಸಿಲ್ ಎತ್ತಿಕೊಳ್ಳಲಿಲ್ಲ, ಧೈರ್ಯದ ಮಾತನ್ನೂ ಹೇಳಲಿಲ್ಲ. “ಹಾಗೇಕೆ ಅನಿಸಿತು?” ಎಂದಷ್ಟೇ ಕೇಳಿ ಸುಮ್ಮನೆ ಕಾದರು. ನಾನು ಬಹಳ ಹೊತ್ತು ಮಾತಾಡಿದೆ. ಮನೆಯಲ್ಲಿ ಯಾರಿಗೂ ಹೇಳದಿದ್ದ ಒಂದೆರಡು ವಿಷಯಗಳೂ ಅದರಲ್ಲಿ ಬಂದವು. ಪಾಳಿಗೆ ತಡವಾಗುತ್ತಿದ್ದರೂ ಅವರು ಗಡಿಯಾರದತ್ತ ನೋಡಲಿಲ್ಲವೆಂಬುದು ನನಗೆ ಹೊಳೆದದ್ದು ಕರೆ ಮುಗಿದ ಮೇಲೆ. ಪಟ್ಟಿಯಲ್ಲಿರುವ ಎಲ್ಲದಕ್ಕೂ ಪೂರ್ಣಾಂಕ ಕೊಡಬಹುದಾದ ಸಂದರ್ಶನ ಅದು, ಆದರೆ ವಿಡಿಯೋ ಇಲ್ಲದ ಸಂದರ್ಶನವನ್ನು ನಮ್ಮ ಅಧ್ಯಯನ ಕೇಂದ್ರ ಪರಿಗಣಿಸುವುದಿಲ್ಲ. ಜೋಡಿ ಬದಲಾಯಿಸಿಕೊಡಿರೆಂದು ಬರೆದ ಇಮೇಲನ್ನು ನಾನಿನ್ನೂ ಕಳುಹಿಸಿಲ್ಲ, ಅಳಿಸಿಯೂ ಇಲ್ಲ.

ಮುಂದಿನ ವಾರ ಪಾತ್ರಗಳು ಅದಲುಬದಲು. ಅವರು ಕಾರ್ಯಕರ್ತರು, ನಾನು ಸೇವಾರ್ಥಿ, ಸಮಸ್ಯೆಯನ್ನು ಈ ಸಲ ನಾವೇ ಆರಿಸಿಕೊಳ್ಳಬಹುದು. ಇಂದು ಬೆಳಿಗ್ಗೆಯೇ ಅವರ ಸಂದೇಶ ಬಂದಿತ್ತು: “ಮೇಡಂ, ತಮ್ಮ ಸಮಸ್ಯೆ ಏನೆಂದು ಮುಂಚಿತವಾಗಿ ತಿಳಿಸಿದರೆ ನನ್ನ ಪ್ರತಿಕ್ರಿಯೆಗಳನ್ನು ಬರೆದಿಟ್ಟುಕೊಳ್ಳುತ್ತೇನೆ.” ಅತಿಯಾಗಿ ಉಪಕಾರ ಮಾಡುವ ಸಹೋದ್ಯೋಗಿಯೊಬ್ಬರಿಂದ ನನ್ನ ಕೆಲಸವೆಲ್ಲ ಕೆಡುತ್ತಿದೆ, ಅವರಿಗೆ ನೋವಾಗದಂತೆ ಅದನ್ನು ಹೇಳುವ ಬಗೆ ತಿಳಿಯುತ್ತಿಲ್ಲ, ಇದೇ ನನ್ನ ಸಮಸ್ಯೆ ಎಂದು ಬರೆದು ಕಳುಹಿಸಿದೆ. ಕೆಲವೇ ನಿಮಿಷಗಳಲ್ಲಿ ಉತ್ತರ ಬಂತು: “ಬಹಳ ಒಳ್ಳೆಯ ಸಮಸ್ಯೆ ಮೇಡಂ. ಇಂಥವರು ಎಲ್ಲ ಕಡೆಯೂ ಇರುತ್ತಾರೆ. ಅವರಿಗೆ ಏನು ಹೇಳಬೇಕೆಂಬುದನ್ನು ನಾನೇ ಬರೆದು ಸಂಜೆಯೊಳಗೆ ತಮಗೆ ಕಳುಹಿಸುತ್ತೇನೆ.”