ಮಿಸ್, ಎಷ್ಟು ಸಾಲು?

ಕಲ್ಪನೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿರುತ್ತೇನೆ. ಮೋಡ ಆನೆಯಾಗಬಹುದು, ಆನೆ ಅಂಚೆಯಣ್ಣ ಆಗಬಹುದು, ನಿಮ್ಮ ಪೆನ್ಸಿಲ್ ಡಬ್ಬಿಯೊಳಗೆ ಯಾರೋ ಬಾಡಿಗೆಗಿರಬಹುದು ಎಂದೆಲ್ಲ ಕೈ ಆಡಿಸುತ್ತ ಹೇಳಿ, ನನ್ನ ಮಾತಿನ ಮೇಲೆ ನನಗೇ ಮೋಹ ಹುಟ್ಟಿ, 'ಈಗ ನಿಮ್ಮ ನಿಮ್ಮ ಕಥೆ ಬರೀರಿ' ಎಂದು ನಿಲ್ಲಿಸಿರುತ್ತೇನೆ. ತರಗತಿ ಗಪ್‌ಚಿಪ್. ಮೂರನೇ ಬೆಂಚಿನಿಂದ ಒಂದು ಕೈ ಮೇಲೇಳುತ್ತದೆ. ಬೀಜ ಮೊಳಕೆಯೊಡೆಯಿತು ಅಂತ ನಾನು ಉಬ್ಬುತ್ತೇನೆ.

"ಮಿಸ್, ಎಷ್ಟು ಸಾಲು ಬರೀಬೇಕು?"

ಮಕ್ಕಳಿಗಾಗಿ ಬರೆಯುವವರು ಶಾಲೆಗಳಿಗೆ ಹೋಗಿ ಮಾತಾಡುವುದು, ಕಮ್ಮಟ ನಡೆಸುವುದು ಈಗ ಬರವಣಿಗೆಯ ಬಾಲದಂತೆ ಹಿಂದೆಯೇ ಬರುವ ಕೆಲಸ. ನಾನೂ ಹೋಗುತ್ತೇನೆ. ದೊಡ್ಡ ಶಾಲೆ, ಸಣ್ಣ ಶಾಲೆ, ಗೋಡೆಗೆ ಬಣ್ಣ ಇರುವ ಶಾಲೆ, ಇಲ್ಲದ ಶಾಲೆ, ಎಲ್ಲಿ ಹೋದರೂ ಈ ಪ್ರಶ್ನೆ ನನಗಿಂತ ಮುಂಚೆ ಅಲ್ಲಿಗೆ ತಲುಪಿರುತ್ತದೆ. ಮೊದಮೊದಲು ಸಿಟ್ಟು ಬರುತ್ತಿತ್ತು. 'ಎಷ್ಟು ಬೇಕಾದರೂ ಬರೆಯಬಹುದು' ಎಂದು ಉದಾರವಾಗಿ ಹೇಳಿ ನೋಡಿದೆ. ಅದರಷ್ಟು ಗಾಬರಿ ಹುಟ್ಟಿಸುವ ಮಾತು ಇನ್ನೊಂದಿಲ್ಲ. ಮಕ್ಕಳು ಮುಖ ಮುಖ ನೋಡಿಕೊಂಡರು, ಹಿಂದೆ ತಿರುಗಿ ಪಿಸುಗುಟ್ಟಿದರು, ಕೊನೆಗೆ ತಮ್ಮತಮ್ಮಲ್ಲೇ ಹತ್ತು ಸಾಲು ಎಂದು ಗೊತ್ತುಮಾಡಿಕೊಂಡರು. ಹತ್ತು ಸಾಲು ಎಂದರೆ ಸೇರು, ಮೊಳ ಇದ್ದಹಾಗೆ ಒಂದು ಅಳತೆ. ಹಸು ಒಂದು ಸಾಕುಪ್ರಾಣಿ ಎಂಬಲ್ಲಿಂದ ಶುರುವಾಗಿ ಹಸುವಿಗೆ ನಾಲ್ಕು ಕಾಲುಗಳಿವೆ ಎಂಬಲ್ಲಿಗೆ ಬಂದಾಗ ಎರಡಾಯಿತು, ಇನ್ನೆಂಟು. ಒಂಬತ್ತಕ್ಕೆ ಬಂದು ಸರಕು ಮುಗಿದರೆ ಅಕ್ಷರ ದಪ್ಪಗಾಗುತ್ತವೆ, ಪದಗಳ ನಡುವಿನ ಜಾಗ ಅಗಲವಾಗುತ್ತದೆ, ಸಾಲು ತಾನಾಗಿ ಕೆಳಕ್ಕೆ ಮಗುಚಿಕೊಂಡು ಹತ್ತಾಗುತ್ತದೆ.

ನಗುವ ಹಕ್ಕು ನನಗಿಲ್ಲ. ಸಂಪಾದಕರು ಫೋನು ಮಾಡಿ ಒಂದು ಕಥೆ ಕೊಡಿ ಎಂದರೆ ನಾನು ಮೊದಲು ಕೇಳುವುದು 'ಎಷ್ಟು ಪದ?' ಎಂದೇ. ಯಾವ ವಯಸ್ಸಿನವರಿಗೆ, ಯಾವ ಸಂಚಿಕೆಗೆ ಎಂಬುದೆಲ್ಲ ಆಮೇಲೆ. ಎಂಟು ನೂರು ಎಂದರೆ ಏಳು ನೂರಾ ಎಪ್ಪತ್ತಕ್ಕೆ ಬಂದು ಉಸಿರು ಹತ್ತಿದಾಗ ಕಥೆಯೊಳಗೆ ಒಂದು ಸೂರ್ಯಾಸ್ತವನ್ನು ತಂದು ಕೂರಿಸಿದ್ದೂ ಉಂಟು.

ಶಾಲೆಗೆ ಹೋಗುವುದರಲ್ಲಿ ಎರಡು ಬಗೆ. ಭಾಷಣ ಒಂದು, ಕಮ್ಮಟ ಇನ್ನೊಂದು. ಭಾಷಣ ಎಂದರೆ ಸಭಾಂಗಣ, ಕೀಚ್ ಎನ್ನುವ ಮೈಕು, ನಾನೂರು ಮಕ್ಕಳು, ನನ್ನ ಪುಸ್ತಕದ ಹೆಸರನ್ನು ತುಸು ಬದಲಿಸಿ ಹೇಳುವ ಪರಿಚಯ. ಹಿಂದಿನ ಸಾಲಿನವರಿಗೆ ನನ್ನ ನೆತ್ತಿ ಮಾತ್ರ ಕಾಣುತ್ತದೆ. ಇದರ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಅಲ್ಲಿ ಜೀವ ಬರುವುದು ಕೊನೆಯ ಹತ್ತು ನಿಮಿಷ, ಮಕ್ಕಳು ಪ್ರಶ್ನೆ ಕೇಳುವಾಗ. ನಿಮ್ಮ ವಯಸ್ಸೆಷ್ಟು? ಒಂದು ಕಥೆಗೆ ಎಷ್ಟು ದುಡ್ಡು ಕೊಡ್ತಾರೆ? ಚಿತ್ರ ಎಲ್ಲ ನೀವೇ ಬಿಡಿಸಿದ್ದಾ? ಇಲ್ಲ, ಅದನ್ನು ಬಿಡಿಸುವವರು ಬೇರೆ ಎಂದೊಡನೆ ನನ್ನ ಮೇಲಿನ ಗೌರವ ಅರ್ಧಕ್ಕೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಒಮ್ಮೆ ಐದನೇ ಕ್ಲಾಸಿನ ಎರಡು ಜಡೆಯ ಹುಡುಗಿ ಎದ್ದು ನಿಂತು, ನನ್ನ ಪುಸ್ತಕದ ಬೆನ್ನಿನ ಮೇಲಿದ್ದ ಪರಿಚಯಕ್ಕೆ ಬೆರಳಿಟ್ಟು ಕೇಳಿದಳು: "ಪಾಠದಲ್ಲಿ ಬರೋ ಲೇಖಕರಿಗೆಲ್ಲ ಎರಡು ಇಸವಿ ಇರತ್ತೆ. ನಿಮಗೆ ಯಾಕೆ ಒಂದೇ ಇದೆ?" ಎರಡನೆಯದು ಇನ್ನೂ ಅಚ್ಚಾಗಿಲ್ಲಮ್ಮ ಎಂದೆ. ಪ್ರಕಾಶಕರು ತಡಮಾಡಿದ್ದಾರೆ ಎಂದುಕೊಂಡಳೋ ಏನೋ, ಪಾಪ ಎನ್ನುವಂತೆ ನೋಡಿ ಕೂತಳು.

ಕಥೆ ಎಲ್ಲಿಂದ ಬರುತ್ತೆ ಎಂಬ ಪ್ರಶ್ನೆಯೂ ತಪ್ಪುವುದಿಲ್ಲ. ಆಗ ಇಂಗ್ಲೆಂಡಿನ ಮಕ್ಕಳ ಲೇಖಕಿ ಬೀಟ್ರಿಕ್ಸ್ ಪಾಟರ್ ಕಾಗದ ಬರೆದ ಸಂಗತಿ ಹೇಳುತ್ತೇನೆ. 1893ರ ಸೆಪ್ಟೆಂಬರ್ 4ರಂದು ಆಕೆ ಹುಷಾರಿಲ್ಲದೆ ಮಲಗಿದ್ದ, ಪರಿಚಯದವರ ಮನೆಯ ಐದು ವರ್ಷದ ಹುಡುಗನಿಗೆ ಕಾಗದ ಬರೆಯಲು ಕೂತಳು. ಏನು ಬರೆಯುವುದೋ ಹೊಳೆಯಲಿಲ್ಲ. ಅದನ್ನೇ ಬರೆದಳು. ನಿನಗೇನು ಬರೆಯಲಿ ಗೊತ್ತಾಗ್ತಿಲ್ಲ, ಅದಕ್ಕೆ ನಾಲ್ಕು ಮೊಲದ ಮರಿಗಳ ಕಥೆ ಹೇಳ್ತೀನಿ ಎಂದು. ಪಕ್ಕದಲ್ಲೇ ಚಿತ್ರವನ್ನೂ ಗೀಚಿದಳು. ವರ್ಷಗಳು ಕಳೆದ ಮೇಲೆ ಅದನ್ನು ಪುಸ್ತಕ ಮಾಡೋಣ ಅನ್ನಿಸಿತು. ಹುಡುಗ ಕಾಗದವನ್ನು ಜೋಪಾನವಾಗಿ ಇಟ್ಟಿದ್ದ; ಅವನಿಂದಲೇ ಅದನ್ನು ಕಡ ತಂದಳು. ಪ್ರಕಾಶಕರು ಒಬ್ಬರ ಮೇಲೊಬ್ಬರು ಬೇಡ ಎಂದಾಗ 1901ರಲ್ಲಿ ತಾನೇ 250 ಪ್ರತಿ ಹಾಕಿಸಿದಳು. ಮರುವರ್ಷ ಪ್ರಕಾಶಕರೇ ಮುಂದೆ ಬಂದು ಅಚ್ಚುಮಾಡಿದರು. ದೊಡ್ಡವರಿಗೆ ಇದರಲ್ಲಿ ಆ 250 ಪ್ರತಿಯ ಮಾತು ಹಿಡಿಸುತ್ತದೆ. ಮಕ್ಕಳಿಗೆ ಹಿಡಿಸುವುದು ಕೊಟ್ಟ ಕಾಗದವನ್ನು ವಾಪಸು ಕೇಳಿದ್ದು. "ಕೊಟ್ಟಿದ್ದನ್ನ ಕೇಳಬಾರದಲ್ವಾ ಮಿಸ್?"

ಈ ಕಥೆ ಹೇಳಿದ ಉತ್ಸಾಹದಲ್ಲಿ ಒಮ್ಮೆ, ಏನೂ ಹೊಳೆಯದಿದ್ದರೆ 'ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ' ಎಂದೇ ಮೊದಲ ಸಾಲು ಬರೆಯಿರಿ, ಎರಡನೆಯದು ತಾನಾಗಿ ಬರುತ್ತದೆ ಎಂದುಬಿಟ್ಟೆ. ಕಿಟಕಿ ಪಕ್ಕದ ಹುಡುಗನೊಬ್ಬ ಅದನ್ನೇ ಹತ್ತು ಸಲ ಬರೆದು, ಎಡಗಡೆ ಒಂದರಿಂದ ಹತ್ತರವರೆಗೆ ನಂಬರು ಹಾಕಿ, ಎಲ್ಲರಿಗಿಂತ ಮೊದಲು ತಂದುಕೊಟ್ಟ.

ನನಗೆ ಇಷ್ಟವಾಗುವುದು ಕಮ್ಮಟ. ಒಂದು ಕೋಣೆ, ಮೂವತ್ತು ಮಕ್ಕಳು, ಒಂದೂವರೆ ಗಂಟೆ. ಅಲ್ಲಿ ನನ್ನ ಎದುರಾಳಿ ಮೊಬೈಲೂ ಅಲ್ಲ, ಟಿ.ವಿ.ಯೂ ಅಲ್ಲ. ರಬ್ಬರು. ಮಕ್ಕಳು ಅರ್ಧ ಪದ ಬರೆದು ಒರೆಸುತ್ತಾರೆ, ಪೂರ್ತಿ ಬರೆದು ಒರೆಸುತ್ತಾರೆ, ಬರೆಯದೆಯೂ ಒರೆಸುತ್ತಾರೆ. ಪುಡಿಯನ್ನು ಊದಿ ಪಕ್ಕದವನ ಪುಸ್ತಕದ ಮೇಲೆ ಹಾರಿಸುತ್ತಾರೆ, ಅಲ್ಲೊಂದು ಜಗಳ. ಹಾಗಾಗಿ ಶುರುವಿಗೇ ಒಂದು ಡಬ್ಬಿ ಹಿಡಿದು ಎಲ್ಲರ ರಬ್ಬರನ್ನೂ ವಸೂಲಿ ಮಾಡುತ್ತೇನೆ. ಬಂದೂಕು ಒಪ್ಪಿಸಿದ ಸೈನಿಕರ ಹಾಗೆ ಕೂರುತ್ತಾರೆ. ಕೆಲವರ ಪೆನ್ಸಿಲ್ಲಿನ ತುದಿಯಲ್ಲೇ ರಬ್ಬರು ಇರುತ್ತದೆ, ಅದಕ್ಕೆ ನನ್ನಲ್ಲಿ ಉಪಾಯವಿಲ್ಲ. ಆ ಜೋಡಣೆಗೆ 1858ರಲ್ಲಿ ಅಮೆರಿಕದಲ್ಲಿ ಹೈಮನ್ ಲಿಪ್‌ಮನ್ ಎಂಬಾತ ಪೇಟೆಂಟ್ ಪಡೆದಿದ್ದ. ವ್ಯಾಜ್ಯವಾಗಿ 1875ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಪೇಟೆಂಟ್ ಸಿಂಧುವಲ್ಲ ಎಂದಿತು: ಪೆನ್ಸಿಲ್ಲೂ ಮೊದಲೇ ಇತ್ತು, ರಬ್ಬರೂ ಮೊದಲೇ ಇತ್ತು, ಎರಡನ್ನು ಸುಮ್ಮನೆ ಅಂಟಿಸಿದರೆ ಅದು ಹೊಸ ಶೋಧವಾಗದು.

ನ್ಯಾಯಾಧೀಶರ ಮಾತು ಪೆನ್ಸಿಲ್ಲಿಗೆ ಸರಿ ಇರಬಹುದು. ಕಥೆಗೆ ಸರಿಯಲ್ಲ. ಇಟಲಿಯ ಮಕ್ಕಳ ಸಾಹಿತಿ ಜಾನ್ನಿ ರೊದಾರಿ, 1970ರ ಆಂಡರ್ಸನ್ ಪ್ರಶಸ್ತಿ ಪಡೆದವನು, ಶಾಲೆಗಳಿಗೆ ಹೋಗಿ ಮಾಡುತ್ತಿದ್ದುದು ಹೆಚ್ಚುಕಡಿಮೆ ಈ ಅಂಟಿಸುವ ಕೆಲಸವನ್ನೇ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪದ ತೆಗೆದುಕೋ, ಪಕ್ಕಪಕ್ಕ ನಿಲ್ಲಿಸು. ನಾಯಿ ಮತ್ತು ಕುದುರೆ ಬೇಡ, ಅವೆರಡೂ ಒಂದೇ ಕುಲ, ನಡುವೆ ಕಿಡಿ ಹಾರುವುದಿಲ್ಲ. ನಾಯಿ ಮತ್ತು ಕಪಾಟು ಇರಲಿ. ನಾಯಿಯ ಕಪಾಟು, ಕಪಾಟಿನೊಳಗಿನ ನಾಯಿ, ಕಪಾಟು ಹೊತ್ತ ನಾಯಿ. ಪುಟ್ಟ ಪುಟ್ಟ ಸಂಬಂಧದ ಪದಗಳಿಂದ ಆತ ಎರಡನ್ನೂ ಹೆಣೆಯುತ್ತಿದ್ದ.

ಇದನ್ನು ಕನ್ನಡದ ತರಗತಿಗೆ ಒಯ್ದಾಗ ನನಗೊಂದು ನಿಧಿ ಸಿಕ್ಕಿತು. ವಿಭಕ್ತಿ ಪ್ರತ್ಯಯ! ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ಮಗ್ಗಿಯ ಹಾಗೆ ಒದರಿ, ಪರೀಕ್ಷೆ ಮುಗಿದ ಮಧ್ಯಾಹ್ನವೇ ಮರೆಯುವ ಆ ಪಟ್ಟಿ ಕಥೆ ಹುಟ್ಟಿಸುವ ಯಂತ್ರವಾಗಿತ್ತು. ಬೋರ್ಡಿನ ಒಂದು ಕಡೆ ನಾಯಿ, ಇನ್ನೊಂದು ಕಡೆ ಕಪಾಟು ಬರೆದು, ನಡುವೆ ಪ್ರತ್ಯಯಗಳನ್ನು ಇಳಿಬಿಟ್ಟೆ. ಕಪಾಟು ನಾಯಿಯನ್ನು ಸಾಕಿತು. ಕಪಾಟಿನಿಂದ ನಾಯಿ ಇಳಿಯಿತು. ಕಪಾಟಿಗೆ ನಾಯಿಯೆಂದರೆ ಭಯ. ಕೋಣೆಯಲ್ಲಿ ಗದ್ದಲವೋ ಗದ್ದಲ. ಪಂಚಮಿಯನ್ನು ಯಾರೂ ಮುಟ್ಟುವುದಿಲ್ಲ ಎಂದುಕೊಂಡಿದ್ದೆ. ದೈನಂದಿನ ಮಾತಿನಲ್ಲಿ ಅದನ್ನು ಬಳಸಿದವರನ್ನು ನಾನಂತೂ ಕಂಡಿಲ್ಲ. ಆದರೆ ಮೂಲೆಯಿಂದ ಒಂದು ಸಣ್ಣ ದನಿ: "ನಾಯಿಯ ದೆಸೆಯಿಂದ ಕಪಾಟು ಜೈಲಿಗೆ ಹೋಯಿತು." ವ್ಯಾಕರಣ ಪುಸ್ತಕದಲ್ಲಿ ಧೂಳು ಹಿಡಿದು ಕೂತಿದ್ದ ಪ್ರತ್ಯಯ ಆವತ್ತು ಎದ್ದು ಕುಣಿಯಿತು.

ಇಷ್ಟರಲ್ಲಿ ಹಿಂದಿನ ಕುರ್ಚಿಯಲ್ಲಿರುವ ಟೀಚರ್ ಬಗ್ಗೆ ಹೇಳಬೇಕು. ಕೆಲವರು ಈ ಬಿಡುವಿನಲ್ಲಿ ನೋಟ್‌ಬುಕ್ ತಿದ್ದುತ್ತಾರೆ. ತಿದ್ದಲಿ, ಅವರಿಗೂ ಬೇರೆ ಹೊತ್ತು ಸಿಗುವುದಿಲ್ಲ. ಕೆಲವರು ಬೆಂಚುಗಳ ನಡುವೆ ಓಡಾಡುತ್ತ ಮಹಾಪ್ರಾಣ ಬಿಟ್ಟವರನ್ನೂ ಒತ್ತು ನುಂಗಿದವರನ್ನೂ ಹಿಡಿಯುತ್ತಾರೆ. 'ಕಥೆ'ಯನ್ನು 'ಕತೆ' ಎಂದು ಬರೆದರೆ ತಪ್ಪಲ್ಲ ಎಂದು ನಾನು ಮೆಲ್ಲಗೆ ಹೇಳುತ್ತೇನೆ, ಅವರು ನನ್ನ ಪುಸ್ತಕಗಳ ಗುಣಮಟ್ಟವನ್ನು ಮನಸ್ಸಿನಲ್ಲೇ ಅಳೆಯುತ್ತಾರೆ. ಇನ್ನೂ ಕೆಲವರಿದ್ದಾರೆ, ಅವರು ಬಲು ಅಪರೂಪ. ಒಬ್ಬ ಗಣಿತದ ಮೇಷ್ಟ್ರು ಮಕ್ಕಳ ಜೊತೆ ಕೂತು ತಾವೂ ಬರೆದರು, ಓದಿ ಎಂದರೆ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಬರೆಯುವಾಗ ಅವರ ನಾಲಿಗೆಯ ತುದಿ ಹೊರಗಿತ್ತು, ಮೂರನೇ ಕ್ಲಾಸಿನವರದಿರುವ ಹಾಗೆಯೇ.

ಮೇಷ್ಟ್ರು ಮಕ್ಕಳ ಜೊತೆ ಬರೆಯಲು ಕೂತದ್ದು ಅಂದರೆ ಟಾಲ್‌ಸ್ಟಾಯ್ ನೆನಪಾಗುತ್ತಾನೆ. ದೊಡ್ಡ ಕಾದಂಬರಿಗಳು ಇನ್ನೂ ಬಂದಿರಲಿಲ್ಲ. ಯಾಸ್ನಾಯಾ ಪೊಲ್ಯಾನಾದ ತನ್ನ ಜಮೀನಿನಲ್ಲಿ ರೈತರ ಮಕ್ಕಳಿಗೆ ಶಾಲೆ ನಡೆಸುತ್ತಿದ್ದ. ಒಂದು ದಿನ ಗಾದೆಯೊಂದನ್ನು ಕೊಟ್ಟು, ಇದರ ಮೇಲೆ ಕಥೆ ಕಟ್ಟಿ ಎಂದ. ಚಮಚದಿಂದ ಉಣಿಸುತ್ತಾನೆ, ಅದರ ಹಿಡಿಯಿಂದ ಕಣ್ಣಿಗೆ ತಿವಿಯುತ್ತಾನೆ ಎಂಬರ್ಥದ ಗಾದೆ. ಹುಡುಗರು ಬಗ್ಗಲಿಲ್ಲ, ನೀನೇ ಬರಿ ಎಂದರು. ಬರೆದ. ಅವರು ಅವನ ಹಿಂದೆ ನಿಂತು ಓದಿ, ಹೀಗಲ್ಲ ಹಾಗೆ ಎಂದು ಶುರುಮಾಡಿದರು. ಸಂಜೆ ಏಳಕ್ಕೆ ಕೂತವರು ಹನ್ನೊಂದಕ್ಕೆ ಎದ್ದರು. ಕಥೆಯೊಳಗೆ ಅವಸರವಾಗಿ ಹೊರಟ ಗಂಡಸಿಗೆ ಒಬ್ಬ ಹುಡುಗ ಹೆಂಗಸಿನ ಕೋಟು ತೊಡಿಸಿದ. ಅಂಥ ವಿವರ ತನಗೆ ಹೊಳೆಯುತ್ತಿರಲಿಲ್ಲವಲ್ಲ ಎಂದು ಲೇಖಕ ಬೆರಗಾದ. ಬರೆಯುವುದನ್ನು ಯಾರಿಂದ ಯಾರು ಕಲಿಯಬೇಕು, ಆ ಮಕ್ಕಳು ನಮ್ಮಿಂದಲೋ ನಾವು ಅವರಿಂದಲೋ ಎಂದೇ ಹೆಸರಿಟ್ಟು 1862ರಲ್ಲಿ ಲೇಖನ ಬರೆದ. ಆ ಹಸ್ತಪ್ರತಿಗೆ ಏನಾಯಿತು ಅನ್ನುತ್ತೀರಿ? ಅವನು ಊರಲ್ಲಿಲ್ಲದಾಗ ಬೇರೆ ಹುಡುಗರು ಅದರ ಹಾಳೆಗಳಲ್ಲಿ ಆಟಿಕೆ ಮಾಡಿಬಿಟ್ಟರು. ಬರೆದ ಹುಡುಗರೇ ಮತ್ತೆ ಕೂತು ಬರೆದರು. ರಬ್ಬರಿಗಿಂತ ದೊಡ್ಡ ಶತ್ರುಗಳೂ ಇದ್ದಾರೆ ಎಂದಾಯಿತು.

ಮೊನ್ನೆಯ ಕಮ್ಮಟದಲ್ಲಿಯೂ ನಾಯಿ, ಕಪಾಟೇ ಬರೆದಿದ್ದೆ. ಎಷ್ಟು ಸಾಲು ಎಂಬ ಪ್ರಶ್ನೆಯೂ ಬಂತು. ಎಷ್ಟಾದರೂ ಸರಿ ಎಂದೆ. ಎಲ್ಲರೂ ಬಗ್ಗಿ ಬರೆಯುತ್ತಿರುವಾಗ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ, ಮೇಲಿನ ಎರಡು ಹಲ್ಲು ಬಿದ್ದವನು, ಐದೇ ನಿಮಿಷಕ್ಕೆ ಪೆನ್ಸಿಲ್ ಕೆಳಗಿಟ್ಟು ಕಿಟಕಿಯಾಚೆ ನೋಡುತ್ತ ಕೂತ. ಹೋಗಿ ಇಣುಕಿದೆ. ಮೂರು ಸಾಲಿತ್ತು.

'ನಾಯಿ ಕಪಾಟಿನೊಳಗೆ ಹೋಯಿತು. ಬಾಗಿಲು ಹಾಕಿಕೊಂಡಿತು. ಯಾಕೆ ಅಂತ ಯಾರಿಗೂ ಹೇಳಲಿಲ್ಲ.'

ನನ್ನ ಹಿಂದೆಯೇ ಬಂದ ಟೀಚರ್, "ಇನ್ನೂ ಏಳು ಸಾಲು ಬಾಕಿ ಇದೆ ಕಣೋ" ಎಂದರು. ಹುಡುಗ ನನ್ನ ಮುಖ ನೋಡಿದ. ಅವನ ಪರ ನಿಲ್ಲಬೇಕಾದ ನಾನು, ಮೂರು ಸಾಲಿನ ಆ ಬಾಗಿಲಿಗೆ ಕಿವಿಕೊಟ್ಟು ನಿಂತಿದ್ದ ನಾನು, ಬಾಯಿ ತಡೆಯದೆ ಕೇಳಿಯೇಬಿಟ್ಟೆ.

"ಮುಂದೇನಾಯ್ತು? ಇನ್ನೆರಡು ಸಾಲು ಬರೀಬಹುದಿತ್ತಲ್ಲೋ?"

"ಎಷ್ಟಾದ್ರೂ ಸರಿ ಅಂದ್ರಲ್ಲ ಮಿಸ್," ಎಂದ. ಆಮೇಲೆ, ನನಗೆ ಇಷ್ಟೂ ಗೊತ್ತಿಲ್ಲವೆಂದು ಕನಿಕರಪಟ್ಟವನಂತೆ, "ಅದು ಹೊರಗೆ ಬಂದಮೇಲೆ ತಾನೇ ಗೊತ್ತಾಗೋದು?"