ಯಾರದೋ ಅಜ್ಜಿಗೆ ನಮ್ಮ ಹುಡುಗನ ವಂತಿಗೆ

ಬ್ರಿಟಿಷರ ಲೆಕ್ಕದ ಬುದ್ಧಿಗೆ ಕೈ ಮುಗಿಯಬೇಕು. ನಮ್ಮ ಇಂಜಿನಿಯರ್ ಹುಡುಗರು ಅವರ ಆಸ್ಪತ್ರೆಗಳಿಗೆ ಹೊರೆಯಂತೆ. ಈ ಹೊರೆ ವೀಸಾಗೆ ಅರ್ಜಿ ಹಾಕುವಾಗಲೇ ಆರೋಗ್ಯದ ಸರ್‌ಚಾರ್ಜ್ ಅಂತ ವರ್ಷಕ್ಕೆ 1,035 ಪೌಂಡ್ ಕಟ್ಟಬೇಕು. ಐದು ವರ್ಷದ ವೀಸಾ ಆದರೆ ಐದೂ ವರ್ಷದ್ದು ಒಟ್ಟಿಗೆ, ಮುಂಗಡ. ಇನ್ನೂ ವಿಮಾನ ಹತ್ತಿಲ್ಲ, ಒಂದು ನೆಗಡಿಯೂ ಬಂದಿಲ್ಲ. ಹೋದಮೇಲೆ ಅದೇ ಆಸ್ಪತ್ರೆ ನಡೆಸಲು ತೆರಿಗೆ ಬೇರೆ. ಸರ್ಕಾರದ ಭತ್ಯೆ ಕೇಳುವ ಹಾಗಿಲ್ಲ ಅಂತ ವೀಸಾದಲ್ಲೇ ಷರತ್ತು. ಇಂಥ ಹೊರೆ ಬೆಂಗಳೂರಿನ ಐದು ಪಾಲಿಕೆಗಳಿಗೂ ಸಿಕ್ಕಿದ್ದರೆ ರಸ್ತೆ ಗುಂಡಿಗಳೆಲ್ಲ ಮುಚ್ಚುತ್ತಿದ್ದವು. ಸುಳ್ಳು, ಮುಚ್ಚುತ್ತಿರಲಿಲ್ಲ.

2025ರ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದದ ಗಲಾಟೆ ನೆನಪಿದೆಯಲ್ಲ? ಇಲ್ಲಿನ ಕಂಪನಿ ಸ್ವಲ್ಪ ಕಾಲಕ್ಕೆ ಕಳಿಸಿದವರು ಮೂರು ವರ್ಷ ಅಲ್ಲಿನ ನ್ಯಾಷನಲ್ ಇನ್ಶೂರೆನ್ಸ್, ಅಂದರೆ ಪಿಂಚಣಿ-ಭತ್ಯೆಗೆ ಅಂತ ಸಂಬಳದಲ್ಲಿ ಹಿಡಿಯುವ ವಂತಿಗೆ, ಕಟ್ಟೋದು ಬೇಡ, ಊರಲ್ಲಿ ಪಿಎಫ್ ಕಟ್ಟಿದರೆ ಸಾಕು ಅಂದಿದ್ದಕ್ಕೆ ಅಲ್ಲಿನ ವಿರೋಧ ಪಕ್ಷದವರು ಎಗರಾಡಿದರು. ಅಲ್ಲ ಸ್ವಾಮಿ, ಹೊರೆ ದುಡ್ಡು ಕೊಡಲಿಲ್ಲ ಅಂತ ಯಾರಾದರೂ ಅಳುತ್ತಾರಾ?

ಅವರ ಬಜೆಟ್ ಲೆಕ್ಕಿಗರೇ 2024ರಲ್ಲಿ ಬರೆದಿದ್ದಾರೆ. ಕಮ್ಮಿ ಸಂಬಳದ ವಲಸಿಗನಿಂದ ಖಜಾನೆಗೆ ನಷ್ಟ, ನಿಜ. ಆದರೆ 25ನೇ ವಯಸ್ಸಿಗೆ ಬಂದು ಸರಾಸರಿ ಸಂಬಳ ತಗೊಳ್ಳುವವನು ಅಲ್ಲೇ ಹುಟ್ಟಿದವನಿಗಿಂತ ಜಾಸ್ತಿ ಲಾಭ. ಯಾಕಂದ್ರೆ ಅವನ ಸ್ಕೂಲ್ ಖರ್ಚು ಅವರ ತಲೆಗೆ ಬಂದಿಲ್ಲ. ಮತ್ಯಾರ ತಲೆಗೆ ಬಂತು? ಲಸಿಕೆ ಹಾಕಿಸಿದ್ದು ನಾವು, ಬಿಸಿಯೂಟ ಬಡಿಸಿದ್ದು ನಾವು, ಎಂಟನೇ ಕ್ಲಾಸಿಗೆ ಸೈಕಲ್ ಕೊಟ್ಟಿದ್ದು ನಾವು. ದುಡಿಯುವ ವಯಸ್ಸಿಗೆ ಸರಿಯಾಗಿ ರೆಡಿ ಮಾಲು ದೇವನಹಳ್ಳಿಯಲ್ಲಿ ವಿಮಾನ ಹತ್ತುತ್ತದೆ.

ಜರ್ಮನಿಯವರು ಕನಿಷ್ಠ ಬಾಯಿಬಿಟ್ಟು ಕರೆದರು. ಅಲ್ಲಿ ಮಕ್ಕಳು ಕಮ್ಮಿ, ಮುದುಕರು ಜಾಸ್ತಿ. ಇವತ್ತು ದುಡಿಯುವವರ ವಂತಿಗೆಯಲ್ಲೇ ಇವತ್ತಿನ ಪಿಂಚಣಿ ನಡೀಬೇಕು. ಹಾಗಾಗಿ 2024ರಲ್ಲಿ ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾ ವರ್ಷಕ್ಕೆ 20,000 ಇದ್ದದ್ದು 90,000 ಅಂದರು. ಈಗ ಇಲ್ಲಿ ನರ್ಸಿಂಗ್ ಮುಗಿಸಿದ ಹುಡುಗಿಯರು ಬಸ್ಸಲ್ಲಿ ನಿಂತುಕೊಂಡೇ ಜರ್ಮನ್ ಭಾಷೆಯ ಡೇರ್, ಡೀ, ಡಾಸ್ ಬಾಯಿಪಾಠ ಮಾಡುತ್ತಿದ್ದಾರೆ.

ಅಮೆರಿಕದ್ದು ಇನ್ನೂ ಚೆಂದ. ಎಚ್-1ಬಿ ಅನ್ನೋ ಕೆಲಸದ ವೀಸಾದಲ್ಲಿ ಹೋದ ಹುಡುಗನ ಸಂಬಳದಿಂದ 6.2 ಪರ್ಸೆಂಟ್ ಸೋಷಿಯಲ್ ಸೆಕ್ಯುರಿಟಿಗೆ, ಅಂದರೆ ಅಲ್ಲಿನ ಸರ್ಕಾರಿ ಪಿಂಚಣಿಗೆ ಕಟ್, ಕಂಪನಿಯಿಂದ ಮತ್ತಷ್ಟೇ. ಪಿಂಚಣಿ ಬೇಕಂದರೆ ಹತ್ತು ವರ್ಷ ಕಟ್ಟಿರಬೇಕು. ವೀಸಾ ಸಾಮಾನ್ಯವಾಗಿ ಆರು ವರ್ಷಕ್ಕೆ ಮುಗಿಯುತ್ತದೆ. ಗ್ರೀನ್ ಕಾರ್ಡಿನ ದಾರಿ ಸಿಗದೆ ವಾಪಸ್ ಬಂದವನ ದುಡ್ಡು ಅಲ್ಲೇ. ದುಡ್ಡು ಹೀಗೆ ಮುಳುಗದಂತೆ ಎಷ್ಟೋ ದೇಶಗಳ ಜೊತೆ ಅಮೆರಿಕದ ಒಪ್ಪಂದ ಇದೆ, ಭಾರತದ ಜೊತೆ ಇಲ್ಲ. ಇದರಲ್ಲಿ ನಗೋಕೆ ಏನೂ ಇಲ್ಲ. ಕಿತ್ಕೊಳ್ಳೋದು ಅಂದರೆ ಇದೇ. ಮೇಲಿಂದ ಹೊರೆ ಅಂತ ಬೈಗುಳ ಬೇರೆ. ಫ್ಲಾರಿಡಾದ ಯಾವುದೋ ಅಜ್ಜಿಯ ಪಿಂಚಣಿಗೆ ದುಡ್ಡು ಹಾಕಿದವನ ಅಮ್ಮ ಜಯನಗರದಲ್ಲಿ ಬಿಪಿ ಮಾತ್ರೆ ತರಿಸೋಕೆ ಪಕ್ಕದ ಮನೆ ಹುಡುಗನನ್ನು ಕಾಯುತ್ತಾ ಕೂತಿರುತ್ತಾರೆ.

ನಾವೇನು ಕಮ್ಮಿ ಅಂದುಕೊಳ್ಳಬೇಡಿ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಮೊನ್ನೆ ರಾಯರು ಬರೆದರು: "ಹೊರಗಿನವರು ಬಂದು ಬೆಂಗಳೂರು ಕೆಟ್ಟಿತು. ಕಾವೇರಿ ನೀರೆಲ್ಲ ಅವರಿಗೇ ಆಯ್ತು." ಲಿಫ್ಟ್ ಕೆಟ್ಟಿದ್ದರಿಂದ ಒಡಿಶಾದ ಸೆಕ್ಯುರಿಟಿ ಹುಡುಗ ಅವರ ಗ್ಯಾಸ್ ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದ. ಅಷ್ಟರಲ್ಲಿ ರಾಯರದ್ದೇ ಇನ್ನೊಂದು ಮೆಸೇಜು: "ಮಗನಿಗೆ ಮ್ಯೂನಿಕ್‌ನಲ್ಲಿ ಕಾಯಂ ಇರೋಕೆ ಪಿಆರ್ ಸಿಕ್ಕಿತು. ಸಂಜೆ ಎಲ್ಲರೂ ಸ್ವೀಟ್‌ಗೆ ಬನ್ನಿ."